ಹಾಡುವ ಪೆಟ್ಟಿಗೆಯೂ ಅದರ ಕಾವಲುಗಾರನೂ

ಮುಂಬಯಿಯ ಹಳೆಯ ಕನ್ನಡಿಗರ ಮನೆಗಳಲ್ಲಿ ಇಂದಿಗೂ ಅಟ್ಟದ ಮೇಲೆ ಒಂದು ರೆಕಾರ್ಡ್ ಪ್ಲೇಯರೋ ಟೇಪ್‌ರೆಕಾರ್ಡರೋ ಬಟ್ಟೆ ಹೊದ್ದು ಕುಳಿತಿರುವುದುಂಟು. ಅದರ ಪಕ್ಕದಲ್ಲೇ ಮುಳ್ಳಿನ ಮೀಟರಿರುವ ಒಂದು ತಗಡಿನ ಪೆಟ್ಟಿಗೆ. ಅದೇ ಸ್ಟೆಬಿಲೈಜರ್. ಹಾಡುವ ಯಂತ್ರವನ್ನು ನೆನೆಯುವವರು ಹಲವರು. ಅದಕ್ಕೆ ಕಾವಲು ಕುಳಿತ ಈ ಪೆಟ್ಟಿಗೆಯನ್ನು ವಿಚಾರಿಸಿದವರು ಕಡಿಮೆ. ಅದರ ಕಥೆ ತಿಳಿಯಬೇಕಾದರೆ ನಮ್ಮ ಮನೆಗಳಿಗೆ ವಿದ್ಯುತ್ತು ಬಂದ ಬಗೆಯನ್ನು ಮೊದಲು ತಿಳಿಯಬೇಕು.

ಈ ವಿಷಯದಲ್ಲಿ ನಮ್ಮ ನಾಡು ಹಿಂದೆ ಬಿದ್ದುದಲ್ಲ. 1902ರಲ್ಲೇ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. 1905ರ ಆಗಸ್ಟಿನಲ್ಲಿ ಬೆಂಗಳೂರಿನ ಬೀದಿಗಳು ಬೆಳಗಿದವು. ಮುಂಬಯಿಯಲ್ಲಿ 1882ರಲ್ಲಿ ಕ್ರಾಫರ್ಡ್ ಮಾರ್ಕೆಟ್ಟಿನಲ್ಲಿ ವಿದ್ಯುದ್ದೀಪ ಉರಿದರೂ ಆ ಪ್ರಯತ್ನ ಬೇಗನೆ ಕೈಬಿಟ್ಟುಹೋಯಿತು. 1905ರಲ್ಲಿ ಹುಟ್ಟಿದ ಕಂಪೆನಿಯೊಂದು 1907ರ ಮೇ 7ರಂದು ವಿದ್ಯುತ್ ಟ್ರಾಮನ್ನು ಓಡಿಸಿತು. 1947ರಲ್ಲಿ ನಗರಸಭೆಯ ಕೈಸೇರಿದ ಅದೇ ಸಂಸ್ಥೆ ನಮ್ಮ ಬೆಸ್ಟ್. 1915ರಿಂದ ಟಾಟಾ ಅವರ ಖೋಪೋಲಿಯ ಜಲವಿದ್ಯುತ್ತು ಗಿರಣಿಗಳಿಗೆ ಬರತೊಡಗಿತು. ಉಪನಗರಗಳಿಗೆಂದು 1929ರಲ್ಲಿ ಬೇರೆಯೇ ಕಂಪೆನಿ ಹುಟ್ಟಿತು. ಮುಲುಂಡ್, ಭಾಂಡುಪ್, ಡೊಂಬಿವಲಿಯ ಕಡೆಗೆ ರಾಜ್ಯದ ವಿದ್ಯುತ್ ಮಂಡಳಿ. 2005ರಿಂದ ಅದರ ಜಾಗದಲ್ಲಿ ಮಹಾವಿತರಣ. ಲೋಕಲ್ ಗಾಡಿ ಒಂದೇ ಆದರೂ ಅದು ನಮ್ಮನ್ನು ಇಳಿಸುವ ಊರುಗಳ ಕರೆಂಟು ಒಂದೇ ಅಲ್ಲ.

ಕೀಲಿ ತಿರುಗಿಸಿ ಹಾಡಿಸುವ ಗ್ರಾಮಫೋನಿಗೆ ಕರೆಂಟಿನ ಹಂಗಿರಲಿಲ್ಲ. 1927ರ ಜುಲೈ 23ರಂದು ಮುಂಬಯಿ ಆಕಾಶವಾಣಿ ಕೇಂದ್ರದ ಪೂರ್ವಜವಾದ ಬಾನುಲಿ ನಿಲಯ ಆರಂಭವಾಯಿತು. ಗದಗದ ಭೀಮಸೇನ ಜೋಶಿಯವರು 1943ರಲ್ಲಿ ಈ ನಗರಕ್ಕೆ ಬಂದು ರೇಡಿಯೋ ಕಲಾವಿದರಾದರು. ಮನೆಮನೆಗೆ ವಾಲ್ವ್ ರೇಡಿಯೋ ಬಂದಂತೆ ಕಿವಿಗೂ ಕರೆಂಟಿಗೂ ನಂಟು ಬೆಳೆಯಿತು. 1925ರಲ್ಲಿ ವಿದ್ಯುತ್ ರೈಲು ಓಡಿದ ಮೇಲೆ, ಹಳಿಯ ಪಕ್ಕದ ಚಾಳುಗಳಲ್ಲಿದ್ದವರಿಗೆ ಗಾಡಿಯ ಕಿಡಿಯೂ ರೇಡಿಯೋದಲ್ಲಿ 'ಚರಚರ' ಎಂದು ಕೇಳಿಸುವಂತಾಯಿತು.

ಕರೆಂಟಿನ ದೋಷಗಳು ನಾಲ್ಕು ಬಗೆ. ವೋಲ್ಟೇಜು ಏರಿಳಿಯುವುದು ಒಂದು. ಲೈನಿನ ತುದಿಯ ಮನೆಗಳವರು ಇದನ್ನು ಬಲ್ಲರು. ಗದ್ದಲ ಸೇರಿಕೊಳ್ಳುವುದು ಎರಡು. ಕ್ಷಣಮಾತ್ರದ ಹೊಡೆತ ಮೂರು. ಆವರ್ತನ, ಅಂದರೆ ಸೆಕೆಂಡಿಗೆ 50 ಸಲ ಮಿಡಿಯುವ ಅದರ ತಾಳ, ಯಂತ್ರಕ್ಕೆ ಹೊಂದದಿರುವುದು ನಾಲ್ಕು. 'ಟಕ್' ಎನ್ನುವ ಸಾಮಾನ್ಯ ಸ್ಟೆಬಿಲೈಜರ್ ಟ್ರಾನ್ಸ್‌ಫಾರ್ಮರಿನ ಎಳೆಗಳನ್ನು ಬದಲಿಸಿ ಮೊದಲನೆಯದನ್ನು ತಿದ್ದುತ್ತದೆ. ಸರ್ವೋ ಬಗೆಯದು ಮೋಟಾರಿನಿಂದ ಬ್ರಶ್ಶನ್ನು ಸರಿಸಿ ಅದನ್ನೇ ನಯವಾಗಿ ಮಾಡುತ್ತದೆ. ಗದ್ದಲಕ್ಕೆ ಫಿಲ್ಟರು ಬೇರೆ, ಹೊಡೆತಕ್ಕೆ ತಡೆ ಬೇರೆ. 1938ರಲ್ಲಿ ಅಮೆರಿಕದ ಜೋಸೆಫ್ ಸೋಲಾ ರೂಪಿಸಿದ ಸ್ಥಿರ ವೋಲ್ಟೇಜಿನ ಟ್ರಾನ್ಸ್‌ಫಾರ್ಮರು ಮೊದಲ ಮೂರಕ್ಕೂ ಮದ್ದು. ಆದರೆ ಅದು ತಾನೇ ಬಿಸಿಯಾಗಿ ಗುಂಯ್‌ಗುಡುತ್ತದೆ. ತಾಳವನ್ನು ಬದಲಿಸುವ ಶಕ್ತಿ ಇವುಗಳಲ್ಲಿ ಯಾವುದಕ್ಕೂ ಇಲ್ಲ.

ಈ ಮಾತನ್ನು ನಾವು ದುಡ್ಡು ಕೊಟ್ಟೇ ಕಲಿತೆವು. ಸೌದಿಯಲ್ಲಿದ್ದ ಭಾವ ಒಮ್ಮೆ ಒಂದು ರೆಕಾರ್ಡ್ ಪ್ಲೇಯರ್ ತಂದುಕೊಟ್ಟರು. 127 ವೋಲ್ಟಿನ ಸೆಟ್ಟು. ಟ್ರಾನ್ಸ್‌ಫಾರ್ಮರ್ ಇಟ್ಟು ಹಾಕಿದೆವು. ಹಾಡು ಬಂತು, ಆದರೆ ಹಾಡಿದವರು ಯಾರೋ ಬೇರೆಯವರೆಂಬಂತೆ! ವೋಲ್ಟೇಜಿನ ದೋಷವೆಂದು ಲ್ಯಾಮಿಂಗ್ಟನ್ ರಸ್ತೆಯಿಂದ ಸ್ಟೆಬಿಲೈಜರನ್ನೂ ಹೊತ್ತು ತಂದೆವು. ಫಲ ಸೊನ್ನೆ. ಕೊನೆಗೆ ವಯಸ್ಸಾದ ರಿಪೇರಿಯವರೊಬ್ಬರು ನೋಡಿ, "ವೋಲ್ಟೇಜು ಸರಿಯಾಗಿಯೇ ಇದೆ ಸ್ವಾಮಿ, ಇದು 60ರ ತಾಳದ ಮೋಟಾರು, ನಮ್ಮದು 50" ಎಂದರು. ನಿಮಿಷಕ್ಕೆ 33⅓ ಸುತ್ತಬೇಕಾದ ತಟ್ಟೆ 28ಕ್ಕೆ ಇಳಿದು, ಶ್ರುತಿ ಹಾರ್ಮೋನಿಯಮಿನ ಮೂರು ಮನೆಯಷ್ಟು ಕುಸಿದಿತ್ತು. ಮೋಟಾರಿನ ಪುಟ್ಟ ರಾಟೆಯನ್ನು ತೆಗೆದು ಸ್ವಲ್ಪ ದಪ್ಪನೆಯದನ್ನು ಹಾಕಿದರು. ಹಾಡಿದವರು ಮನೆಗೆ ಮರಳಿ ಬಂದರು.

ಈಗ ಹೈ-ಫೈ ಅಂಗಡಿಗಳಲ್ಲಿ ಕರೆಂಟನ್ನು 'ಶುದ್ಧ' ಮಾಡುವ ದುಬಾರಿ ಪೆಟ್ಟಿಗೆಗಳು ಬಂದಿವೆ. ಹಾಡು ಇನ್ನಷ್ಟು ಇಂಪಾಗುವುದೆಂದು ಮಾರುವವರ ಮಾತು. ಒಳ್ಳೆಯ ಆಂಪ್ಲಿಫೈಯರು ತನಗೆ ಬಂದ ವಿದ್ಯುತ್ತನ್ನು ತನ್ನೊಳಗೇ ಸೋಸಿಕೊಳ್ಳುತ್ತದೆ. ಇಂದಿನ ಬಹಳಷ್ಟು ಸೆಟ್ಟುಗಳು 100ರಿಂದ 240 ವೋಲ್ಟಿನವರೆಗೆ ತಾವೇ ಹೊಂದಿಕೊಳ್ಳುತ್ತವೆ. ಗುಂಯ್ ಎಂಬ ಸದ್ದಿದ್ದರೆ ಮೊದಲು ಅರ್ಥಿಂಗ್ ನೋಡಿಸಿರಿ; ಹಳೆಯ ಕಟ್ಟಡಗಳಲ್ಲಿ ಅದು ಇಲ್ಲದಿರುವುದೇ ಹೆಚ್ಚು. 2020ರ ಅಕ್ಟೋಬರ್ 12ರಂದು ಆದಂತೆ ಕರೆಂಟು ಹೋದರೆ, ಪ್ಲಗ್ಗನ್ನು ಕಿತ್ತಿಡಿರಿ. ಅದು ಮರಳಿ ಬರುವ ಕ್ಷಣವೇ ಅಪಾಯದ್ದು. ರೋಗ ತಿಳಿಯದೆ ಔಷಧ ಕೊಳ್ಳಬಾರದು.

ಆದರೆ ನಾವು ಇಷ್ಟು ಹೇಳಿದ್ದು ಯಂತ್ರದ ಮೇಲಿನ ಮೋಹದಿಂದಲ್ಲ. ಅಟ್ಟದ ಮೇಲಿನ ಟೇಪುಗಳಲ್ಲಿ ಏನೇನಿದೆಯೆಂದು ನೆನೆದುಕೊಳ್ಳಿ: ನಮ್ಮವರದೇ ತಾಳಮದ್ದಳೆ, ಮದುವೆಮನೆಯ ಶೋಭಾನೆ, ಊರಿನಿಂದ ಬಂದ ಅಜ್ಜಿ ಮೊಮ್ಮಗುವಿಗೆ ಹೇಳಿದ ಕಥೆ. ಅಂಗಡಿಯಲ್ಲಿ ಸಿಗುವ ಹಾಡು ಮತ್ತೆ ಸಿಕ್ಕೀತು, ಇವು ಸಿಗವು. ಟೇಪಿನ ಲೇಪ ವರ್ಷದಿಂದ ವರ್ಷಕ್ಕೆ ಉದುರುತ್ತದೆ, ಬಲ್ಲ ರಿಪೇರಿಯವರೂ ವಿರಳವಾಗುತ್ತಿದ್ದಾರೆ. ಹಳೆಯ ಯಂತ್ರವನ್ನು ಹಾಗೆಯೇ ಪ್ಲಗ್ಗಿಗೆ ಸಿಕ್ಕಿಸದೆ, ತಿಳಿದವರಿಗೆ ತೋರಿಸಿ, ಅದರ ಬೆನ್ನಿನ ಮೇಲೆ ಬರೆದ ವೋಲ್ಟನ್ನೂ ಆವರ್ತನವನ್ನೂ ಓದಿ, ಸರಿಹೊಂದಿಸಿ, ಮೊದಲ ಸಲ ಹಾಡಿಸುವಾಗಲೇ ಕಂಪ್ಯೂಟರಿಗೆ ಇಳಿಸಿಕೊಳ್ಳಿರಿ.

ಕಾವಲುಗಾರ ಪೆಟ್ಟಿಗೆ ಯಂತ್ರವನ್ನು ಕಾಯಬಲ್ಲುದು. ಅದರೊಳಗಿನ ದನಿಯನ್ನು ಕಾಯಬೇಕಾದವರು ನಾವೇ.