ಲಿಂಕನ್ನರ ಬಾಲ್ಯದ ಮನೆ: ಸ್ಮಾರಕ ಮತ್ತು ಸಾಕ್ಷ್ಯ

ಅಮೆರಿಕದ 16ನೆಯ ಅಧ್ಯಕ್ಷರಾದ ಅಬ್ರಹಾಂ ಲಿಂಕನ್ನರು 1809ರ ಫೆಬ್ರವರಿ 12ರಂದು ಕೆಂಟಕಿ ರಾಜ್ಯದ ಸಿಂಕಿಂಗ್ ಸ್ಪ್ರಿಂಗ್ ಎಂಬ ಜಮೀನಿನಲ್ಲಿ, ಮರದ ದಿಮ್ಮಿಗಳಿಂದ ಕಟ್ಟಿದ ಪುಟ್ಟ ಮನೆಯೊಂದರಲ್ಲಿ ಜನಿಸಿದರು. ಹಾಜನ್‌ವಿಲ್ ಪಟ್ಟಣದ ಸಮೀಪದಲ್ಲಿರುವ ಈ ಸ್ಥಳಕ್ಕೆ ಬರುವ ಸಂದರ್ಶಕರು 56 ಮೆಟ್ಟಿಲುಗಳನ್ನು ಏರಬೇಕಾಗುತ್ತದೆ. ಅದು ಲಿಂಕನ್ನರು ಬದುಕಿದ್ದ ವರ್ಷಗಳ ಸಂಖ್ಯೆ. ಮೇಲೆ ಗ್ರೀಕ್ ದೇವಾಲಯವನ್ನು ಹೋಲುವ ಗ್ರಾನೈಟ್ ಕಟ್ಟಡವಿದೆ. ಅದರ ಒಳಗೆ, ಗರ್ಭಗುಡಿಯಲ್ಲಿ ಮೂರ್ತಿಯನ್ನಿಟ್ಟಂತೆ, ಒಂದು ಹಳೆಯ ದಿಮ್ಮಿಮನೆಯನ್ನು ಇರಿಸಲಾಗಿದೆ. ಅದು ಲಿಂಕನ್ನರು ಹುಟ್ಟಿದ ಮನೆಯಲ್ಲ.

ಈ ಮನೆ ಇಲ್ಲಿಗೆ ಬಂದ ಬಗೆಯನ್ನು ತಿಳಿಯುವುದು ಅಗತ್ಯ. 1894ರಲ್ಲಿ ನ್ಯೂಯಾರ್ಕಿನ ಉಪಾಹಾರಗೃಹಗಳ ಉದ್ಯಮಿ ಆಲ್‌ಫ್ರೆಡ್ ಡೆನೆಟ್ ಲಾಭದ ಆಸೆಯಿಂದ ಈ ಜಮೀನನ್ನು ಕೊಂಡನು. ಅಲ್ಲಿ ತೋರಿಸಲು ಮನೆಯೇ ಇರಲಿಲ್ಲ. ಮರುವರ್ಷ ಸಮೀಪದಲ್ಲೇ ಇದ್ದ ಒಂದು ಹಳೆಯ ಮನೆಯನ್ನು, ಅದು ಲಿಂಕನ್ನರ ಮನೆಯ ದಿಮ್ಮಿಗಳಿಂದಲೇ ಕಟ್ಟಿದ್ದೆಂಬ ಹೇಳಿಕೆಯ ಮೇಲೆ ಖರೀದಿಸಿ ಜಮೀನಿನಲ್ಲಿ ನಿಲ್ಲಿಸಲಾಯಿತು. 1897ರ ನ್ಯಾಷ್‌ವಿಲ್ ವಸ್ತುಪ್ರದರ್ಶನಕ್ಕೆ ಅದನ್ನು ಬಿಚ್ಚಿ ಸಾಗಿಸಿದಾಗ, ಅಂತರ್ಯುದ್ಧದಲ್ಲಿ ಲಿಂಕನ್ನರ ಎದುರಾಳಿಯಾಗಿದ್ದ ಜೆಫರ್‌ಸನ್ ಡೇವಿಸನು ಹುಟ್ಟಿದ ಮನೆಯೆಂದು ಹೇಳಲಾದ ಇನ್ನೊಂದು ದಿಮ್ಮಿಮನೆಯೂ ಅದರ ಜೊತೆಗಿತ್ತು. 1901ರಲ್ಲಿ ಎರಡೂ ಬಫೆಲೊ ನಗರದ ಪ್ರದರ್ಶನಕ್ಕೆ ಹೋದವು. ಈ ಅಲೆದಾಟದಲ್ಲಿ ಎರಡು ಮನೆಗಳ ದಿಮ್ಮಿಗಳೂ ಒಂದರೊಡನೊಂದು ಬೆರೆತುಹೋದವು.

1905ರಲ್ಲಿ ಜಮೀನು ಹರಾಜಿಗೆ ಬಂದಾಗ ಪತ್ರಿಕೋದ್ಯಮಿ ರಾಬರ್ಟ್ ಕೊಲಿಯರ್ ಅದನ್ನು ಕೊಂಡನು. 1906ರಲ್ಲಿ ಲಿಂಕನ್ ಫಾರ್ಮ್ ಸಂಘ ಸ್ಥಾಪನೆಗೊಂಡು ಉಗ್ರಾಣದಲ್ಲಿ ಬಿದ್ದಿದ್ದ ದಿಮ್ಮಿಗಳನ್ನು ಪಡೆದುಕೊಂಡಿತು. ಅವುಗಳ ಪ್ರಾಮಾಣ್ಯಕ್ಕೆಂದು ಸಂಘವು ಊರಿನ ವೃದ್ಧರಿಂದ ಪ್ರಮಾಣಪತ್ರಗಳನ್ನು ಬರೆಯಿಸಿಕೊಂಡಿತು. ಲಿಂಕನ್ ಕುಟುಂಬ ಆ ಜಾಗವನ್ನು ಬಿಟ್ಟು ಆ ವೇಳೆಗೆ 95 ವರ್ಷಗಳು ಕಳೆದಿದ್ದವು. ಆದ್ದರಿಂದ ಅವುಗಳಲ್ಲಿರುವುದು ಕಂಡವರ ಸಾಕ್ಷ್ಯವಲ್ಲ, ಕೇಳಿದವರ ನೆನಪು. ಲಕ್ಷಕ್ಕೂ ಹೆಚ್ಚು ಜನ ನೀಡಿದ ದೇಣಿಗೆಯಿಂದ ಸ್ಮಾರಕದ ಕೆಲಸ ನಡೆಯಿತು. 1909ರಲ್ಲಿ, ಜನ್ಮಶತಮಾನೋತ್ಸವದ ದಿನ, ಥಿಯೋಡೋರ್ ರೂಸ್‌ವೆಲ್ಟ್ ಅಸ್ತಿಭಾರದ ಕಲ್ಲನ್ನಿಟ್ಟರು. ವಾಸ್ತುಶಿಲ್ಪಿ ಜಾನ್ ರಸೆಲ್ ಪೋಪ್ ರೂಪಿಸಿದ ಈ ಕಟ್ಟಡವನ್ನು 1911ರಲ್ಲಿ ಅಧ್ಯಕ್ಷ ಟಾಫ್ಟ್ ಲೋಕಾರ್ಪಣೆ ಮಾಡಿದರು. ಒಳಗೆ ಸಂದರ್ಶಕರು ಸುತ್ತುವರಿಯಲು ಸ್ಥಳ ಸಾಲದೆಂದು ಮನೆಯ ಅಳತೆಯನ್ನೇ ಕುಗ್ಗಿಸಲಾಯಿತು. ಮೂರ್ತಿಗೆ ತಕ್ಕ ಗುಡಿಯನ್ನು ಕಟ್ಟುವುದು ರೂಢಿ. ಇಲ್ಲಿ ಗುಡಿಗೆ ತಕ್ಕಂತೆ ಮೂರ್ತಿಯನ್ನು ಕತ್ತರಿಸಲಾಯಿತು.

1948ರಲ್ಲಿ ರಾಯ್ ಹೇಸ್ ಎಂಬ ಸಂಶೋಧಕನು ಈ ಪ್ರಮಾಣಪತ್ರಗಳನ್ನೂ ದಿಮ್ಮಿಗಳ ಸಾಗಾಟದ ದಾಖಲೆಗಳನ್ನೂ ಪರಿಶೀಲಿಸಿ ಪ್ರಕಟಿಸಿದ ಲೇಖನವು ನಂಬಿಕೆಯ ಬುಡವನ್ನು ಅಲುಗಿಸಿತು. 2004ರಲ್ಲಿ ಮರದ ವಾರ್ಷಿಕ ಉಂಗುರಗಳನ್ನು ಎಣಿಸಿ ನಡೆಸಿದ ಕಾಲನಿರ್ಣಯವು ಆ ದಿಮ್ಮಿಗಳು 1840ರ ದಶಕಕ್ಕಿಂತ ಹಿಂದಿನವಲ್ಲವೆಂದು ತೋರಿಸಿತು. ಈಗ ರಾಷ್ಟ್ರೀಯ ಉದ್ಯಾನ ಸೇವೆಯು ಅದನ್ನು ‘ಸಾಂಕೇತಿಕ’ ಜನ್ಮಗೃಹವೆಂದೇ ಕರೆಯುತ್ತದೆ. ಇದು ಪ್ರಾಮಾಣಿಕವಾದ ಮಾತು. ಆದರೆ ಕಟ್ಟಡದ ಗಾಂಭೀರ್ಯವು ಆ ಫಲಕದ ಮಾತನ್ನು ನುಂಗಿಹಾಕುತ್ತದೆ.

ಲಿಂಕನ್ನರ ನೆನಪಿನಲ್ಲಿ ಉಳಿದಿದ್ದ ಮನೆಯಾದರೂ ಬೇರೆಯೇ ಆಗಿತ್ತು. 1811ರಲ್ಲಿ ಕುಟುಂಬವು ಕೆಲವೇ ಮೈಲಿ ದೂರದ ನಾಬ್ ಕ್ರೀಕ್ ಎಂಬಲ್ಲಿಗೆ ಹೋಗಿ 1816ರವರೆಗೆ ಅಲ್ಲಿತ್ತು. ತಮ್ಮ ಮೊದಲ ನೆನಪುಗಳು ಆ ಸ್ಥಳದವೆಂದು ಲಿಂಕನ್ನರೇ 1860ರ ಪತ್ರವೊಂದರಲ್ಲಿ ತಿಳಿಸಿದ್ದಾರೆ. ಅಲ್ಲಿಯೂ ಮೂಲ ಮನೆ ಉಳಿದಿಲ್ಲ. ಈಗಿರುವುದು ಬಾಲ್ಯದ ಗೆಳೆಯನೊಬ್ಬನ ಮನೆತನಕ್ಕೆ ಸೇರಿದ್ದ ದಿಮ್ಮಿಗಳಿಂದ 1930ರ ದಶಕದಲ್ಲಿ ನಿಲ್ಲಿಸಿದ ಮನೆ.

ಹಾಗಾದರೆ ಆ ಬಾಲ್ಯದ ನೈಜ ಕುರುಹುಗಳು ಯಾವುವು? ಮೊದಲನೆಯದು ಭೂದಾಖಲೆಗಳು. ತಂದೆ ಥಾಮಸ್ ಲಿಂಕನ್ ಕೆಂಟಕಿಯಲ್ಲಿ ಹಿಡಿದ ಮೂರು ಜಮೀನುಗಳಲ್ಲಿಯೂ ಹಕ್ಕಿನ ತೊಡಕು ಎದುರಾಯಿತು. ಅಲ್ಲಿ ಭೂಮಾಪನವನ್ನು ಸರ್ಕಾರ ನಡೆಸಿರಲಿಲ್ಲ; ಹಕ್ಕುದಾರರೇ ಮರ, ಬಂಡೆ, ತೊರೆಗಳನ್ನು ಗುರುತಾಗಿಟ್ಟುಕೊಂಡು ಎಲ್ಲೆಗಳನ್ನು ಬರೆಯಿಸುತ್ತಿದ್ದರು. ದಾನಶಾಸನಗಳ ಚತುಸ್ಸೀಮೆಯನ್ನು ಓದಿದವರಿಗೆ ಈ ಪದ್ಧತಿ ಅಪರಿಚಿತವಲ್ಲ. ಒಂದರ ಮೇಲೊಂದು ಬಿದ್ದ ಹಕ್ಕುಗಳು ನ್ಯಾಯಾಲಯವನ್ನು ಸೇರಿದವು. ಕುಟುಂಬವು 1816ರಲ್ಲಿ ಇಂಡಿಯಾನಾಕ್ಕೆ ವಲಸೆ ಹೋದುದಕ್ಕೆ ಗುಲಾಮಗಿರಿ ಒಂದು ಕಾರಣ, ಭೂಹಕ್ಕಿನ ಗೊಂದಲ ಮುಖ್ಯ ಕಾರಣವೆಂದು ಲಿಂಕನ್ನರು ತಮ್ಮ 1860ರ ಆತ್ಮಕಥನದ ಟಿಪ್ಪಣಿಯಲ್ಲಿ ಹೇಳಿದ್ದಾರೆ. ಇಂಡಿಯಾನಾದಲ್ಲಿ ಸರ್ಕಾರವೇ ಚೌಕಗಳಾಗಿ ಅಳೆದ ಭೂಮಿ ಮಾರಾಟಕ್ಕಿತ್ತು. ತೆರಿಗೆ ಪಟ್ಟಿಗಳನ್ನು ನೋಡಿದರೆ ಥಾಮಸ್ ತನ್ನ ನೆರೆಹೊರೆಯಲ್ಲಿ ಕಡುಬಡವನೇನೂ ಆಗಿರಲಿಲ್ಲ. ಮಂದಿರದೊಳಗಿನ ಪುಟ್ಟ ಮನೆ ಕಡುಬಡತನದ ಕಥೆಯನ್ನಷ್ಟೇ ಹೇಳುತ್ತದೆ. ಭೂಹಕ್ಕಿನ ವ್ಯಾಜ್ಯದಿಂದ ನೆಲೆ ತಪ್ಪಿದ ರೈತನ ಕಥೆ ಅದರಲ್ಲಿಲ್ಲ.

ಸಿಂಕಿಂಗ್ ಸ್ಪ್ರಿಂಗ್ ಜಮೀನಿನ ಎಲ್ಲೆಗೆ ಗುರುತಾಗಿದ್ದ ಓಕ್ ಮರವೊಂದು, ಲಿಂಕನ್ನರ ಜನನಕಾಲಕ್ಕೆ ಜೀವಂತ ಸಾಕ್ಷಿಯಾಗಿ, 1976ರವರೆಗೆ ಬದುಕಿತ್ತು. ಜಮೀನಿಗೆ ಹೆಸರು ಕೊಟ್ಟ ಬುಗ್ಗೆ ಮಾತ್ರ ಈಗಲೂ ಇದೆ. ಮಂದಿರವಿರುವ ದಿಣ್ಣೆಯ ಬುಡದಲ್ಲಿ, ಮೆಟ್ಟಿಲುಗಳ ಪಕ್ಕದ ಕಲ್ಲಿನ ತಗ್ಗಿನಲ್ಲಿ ಅದರ ನೀರು ಒಸರಿ ಮತ್ತೆ ನೆಲದೊಳಕ್ಕೆ ಇಳಿದುಹೋಗುತ್ತದೆ.