ಜೀನ್ ತಿದ್ದುಪಡಿ: ಪ್ರಯೋಗಾಲಯದ ಮೇಜಿನ ಮೇಲೆ 40 ವರ್ಷ

ಸಸ್ತನಿಗಳ ಜೀವಕೋಶದಲ್ಲಿ ಬೇಕಾದ ಜಾಗಕ್ಕೇ ಡಿಎನ್‌ಎ ತುಣುಕನ್ನು ಸೇರಿಸಬಹುದೆಂದು ಆಲಿವರ್ ಸ್ಮಿಥೀಸ್ 1985ರಲ್ಲಿ ಮನುಷ್ಯ ಕೋಶಗಳ ಬೀಟಾ-ಗ್ಲೋಬಿನ್ ಜೀನ್‌ನಲ್ಲಿ ತೋರಿಸಿದರು. ಆದರೆ ಅದು ಸಾವಿರಾರು ಕೋಶಗಳಲ್ಲಿ ಎಲ್ಲೋ ಒಂದರಲ್ಲಿ ಆಗುವ ಮಾತು. ಮಾರಿಯೋ ಕಾಪೆಕಿ ಇಲಿಯ ಭ್ರೂಣಮೂಲ ಕೋಶಗಳಲ್ಲಿ ಅದೇ ದಾರಿ ಹಿಡಿದಾಗಲೂ ಔಷಧ ಹಾಕಿ ಬೇಡದ ಕೋಶಗಳನ್ನು ಕೊಂದು, ಉಳಿದವನ್ನು ಒಂದೊಂದಾಗಿ ಪರೀಕ್ಷಿಸಬೇಕಿತ್ತು. ಆಗಿನ ವಿದ್ಯಾರ್ಥಿ ತಿಂಗಳುಗಟ್ಟಲೆ ಕಲಿಯುತ್ತಿದ್ದುದು ಈ ಸೋಸುವ ಕೆಲಸವನ್ನೇ.

ಹೆಚ್ಚು ಹೆಸರಾಗದ, ಆದರೆ ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ ಮರಿಯಾ ಜೇಸಿನ್ ಅವರದು. ಡಿಎನ್‌ಎಯ ಎರಡೂ ಎಳೆಗಳನ್ನು ಒಂದೆಡೆ ಕತ್ತರಿಸಿದರೆ ಕೋಶವೇ ರಿಪೇರಿಗೆ ಇಳಿಯುತ್ತದೆ, ಆಗ ಬೇಕಾದ ತಿದ್ದುಪಡಿ ನೂರು ಪಟ್ಟು ಹೆಚ್ಚುತ್ತದೆ ಎಂದು ಅವರ ತಂಡ 1994ರಲ್ಲಿ ತೋರಿಸಿತು. ಇನ್ನು ಬೇಕಾದ ಕಡೆ ಕತ್ತರಿಸುವ ಸಾಧನವೊಂದು ಸಿಗಬೇಕಿತ್ತು. ಶ್ರೀನಿವಾಸನ್ ಚಂದ್ರಸೇಗರನ್ ತಂಡ 1996ರಲ್ಲಿ ರೂಪಿಸಿದ ಜಿಂಕ್ ಫಿಂಗರ್ ನ್ಯೂಕ್ಲಿಯೇಸ್, 2010ರ ಸುಮಾರಿಗೆ ಬಂದ ಟಾಲೆನ್, ಎರಡಕ್ಕೂ ಪ್ರತಿ ಗುರಿಗೊಂದು ಹೊಸ ಪ್ರೋಟೀನ್ ಕಟ್ಟಬೇಕಿತ್ತು. 2013ರ ಆರಂಭದಲ್ಲಿ ಫೆಂಗ್ ಝಾಂಗ್ ಮತ್ತು ಜಾರ್ಜ್ ಚರ್ಚ್ ತಂಡಗಳು ಕ್ರಿಸ್ಪರ್-ಕ್ಯಾಸ್9 ಅನ್ನು ಮನುಷ್ಯ ಕೋಶಗಳಲ್ಲಿ ನಡೆಸಿ ತೋರಿಸಿದ ಮೇಲೆ, ಕತ್ತರಿಗೆ ದಾರಿ ತೋರುವ ಗೈಡ್ ಆರ್‌ಎನ್‌ಎಯ 20 ಅಕ್ಷರ ಬದಲಿಸಿದರೆ ಸಾಕಾಯಿತು. ಅದೇ ವರ್ಷ ಝಾಂಗ್ ತಂಡ ಹಂತಹಂತದ ಕೈಪಿಡಿ ಪ್ರಕಟಿಸಿತು. ಅದಕ್ಕೆ ಬೇಕಾದ ಪ್ಲಾಸ್ಮಿಡ್‌ಗಳು, ಅಂದರೆ ಈ ಸಾಧನದ ಜೀನ್ ಹೊತ್ತ ಡಿಎನ್‌ಎ ಉಂಗುರಗಳು, ಆಡ್‌ಜೀನ್ ಎಂಬ ಲಾಭರಹಿತ ಸಂಸ್ಥೆಯ ಮೂಲಕ ಜಗತ್ತಿನ ಪ್ರಯೋಗಾಲಯಗಳನ್ನು ತಲುಪಿದವು.

ಇದರಿಂದ ಕಲಿಕೆ ಹಗುರವಾಯಿತೆನ್ನಲಾರೆ. ಕಷ್ಟ ಜಾಗ ಬದಲಿಸಿತು. ಹೊಸಬರು ಸಾಮಾನ್ಯವಾಗಿ ಎಚ್‌ಇಕೆ 293 ಎಂಬ ಮನುಷ್ಯ ಕೋಶಗಳಲ್ಲಿ ಒಂದು ಜೀನನ್ನು ಕತ್ತರಿಸಿ ಕೆಡಿಸುವುದರಿಂದ ಶುರುಮಾಡುತ್ತಾರೆ, ಆ ಕೋಶಗಳು ಪ್ಲಾಸ್ಮಿಡ್ ಅನ್ನು ಸಲೀಸಾಗಿ ಒಳಗೆ ಬಿಟ್ಟುಕೊಳ್ಳುತ್ತವೆ. ಎರಡು ಮೂರು ದಿನಕ್ಕೆ ಡಿಎನ್‌ಎ ತೆಗೆದು, ಪಿಸಿಆರ್ ಮಾಡಿ, ಟಿ7 ಕಿಣ್ವದಿಂದ ಸೀಳಿದರೆ ಜೆಲ್ ಮೇಲೆ ಹೊಸ ಪಟ್ಟಿಗಳು ಮೂಡುತ್ತವೆ. ಅವು ಹೇಳುವುದು ಕೆಲವು ಕೋಶಗಳಲ್ಲಿ ಏನೋ ಬದಲಾಗಿದೆ ಎಂದಷ್ಟೆ. ನಿಜವಾದ ಕೆಲಸ ಅಲ್ಲಿಂದ ಮುಂದೆ. ಒಂದೊಂದೇ ಕೋಶವನ್ನು 96 ಗುಳಿಗಳ ತಟ್ಟೆಗೆ ಹಂಚಿ, ವಾರಗಟ್ಟಲೆ ಬೆಳೆಸಿ, ಪ್ರತಿ ಕೋಶಸಂತಾನದ ಡಿಎನ್‌ಎ ಅಕ್ಷರಕ್ರಮ ಓದಬೇಕು. ಎಚ್‌ಇಕೆ 293ರಲ್ಲಿ ಹಲವು ಜೀನ್‌ಗಳಿಗೆ ಎರಡರ ಬದಲು ಮೂರು ಪ್ರತಿಗಳಿರುತ್ತವೆ. ಒಂದು ಪ್ರತಿ ತಪ್ಪಿಸಿಕೊಂಡರೂ ಪ್ರೋಟೀನ್ ತಯಾರಾಗುತ್ತಲೇ ಇರುತ್ತದೆ. ಪ್ರೋಟೀನ್ ಪತ್ತೆಹಚ್ಚುವ ವೆಸ್ಟರ್ನ್ ಬ್ಲಾಟ್ ಪರೀಕ್ಷೆಯಲ್ಲಿ ಅದು ಮರೆಯಾಗಬೇಕು, ಗುರಿಯಿಲ್ಲದ ಗೈಡ್ ಹಾಕಿದ ಕೋಶದಲ್ಲಿ ಹಾಗೆಯೇ ಉಳಿದಿರಬೇಕು. ಗೈಡ್‌ಗೆ ಹೋಲುವ ಬೇರೆ ಜಾಗಗಳಲ್ಲಿ ಕತ್ತರಿ ಬಿದ್ದಿಲ್ಲವೆಂದೂ ನೋಡಿಕೊಳ್ಳಬೇಕು.

ಡೇವಿಡ್ ಲಿಯು ತಂಡದಿಂದ 2016ರಲ್ಲಿ ಬೇಸ್ ಎಡಿಟಿಂಗ್, 2019ರಲ್ಲಿ ಪ್ರೈಮ್ ಎಡಿಟಿಂಗ್ ಬಂದವು. ಎರಡೂ ಎಳೆ ಕತ್ತರಿಸದೆಯೇ ಅಕ್ಷರ ತಿದ್ದುವ ಈ ವಿಧಾನಗಳಿಗೂ ಇಂಥ ಪರೀಕ್ಷೆಗಳು ತಪ್ಪಿದ್ದಲ್ಲ.

2023ರ ಕೊನೆಯಲ್ಲಿ ಬ್ರಿಟನ್ ಮತ್ತು ಅಮೆರಿಕ ಸಿಕಲ್ ಸೆಲ್ ಕಾಯಿಲೆಗೆ ಒಪ್ಪಿಗೆ ಕೊಟ್ಟ ಕ್ಯಾಸ್‌ಜೆವಿ ಚಿಕಿತ್ಸೆ, ರೋಗಿಯ ರಕ್ತದ ಮೂಲಕೋಶಗಳಲ್ಲಿ ಬಿಸಿಎಲ್11ಎ ಜೀನ್‌ನ ಒಂದು ನಿಯಂತ್ರಕ ಭಾಗವನ್ನು ಕತ್ತರಿಸಿ, ಕೋಶದ ರಿಪೇರಿಯೇ ಅದನ್ನು ಕೆಡಿಸುವಂತೆ ಮಾಡುತ್ತದೆ. ವಿದ್ಯಾರ್ಥಿ ತಟ್ಟೆಯಲ್ಲಿ ಅಭ್ಯಾಸ ಮಾಡುವುದೂ ಇದನ್ನೇ. ಈ ಕಾಯಿಲೆ ಚಾಮರಾಜನಗರ, ಮೈಸೂರು ಭಾಗದ ಬುಡಕಟ್ಟು ಜನರಲ್ಲೂ ಇದೆ. ಹಾಗಾಗಿ ನಮ್ಮ ವಿಶ್ವವಿದ್ಯಾಲಯಗಳು ಎಂಎಸ್ಸಿ ವಿದ್ಯಾರ್ಥಿಗೆ ಕ್ರಿಸ್ಪರ್‌ನ ಚಿತ್ರ ಬಿಡಿಸಲು ಕಲಿಸಿ ಕೈತೊಳೆದುಕೊಳ್ಳದೆ, ಒಂದು ಜೀನನ್ನು ತಾನೇ ತಿದ್ದಿ, ತಿದ್ದಿದ್ದನ್ನು ಸಾಬೀತುಪಡಿಸಲು ಪೂರ್ತಿ ಒಂದು ಸೆಮಿಸ್ಟರ್ ಕೊಡಬೇಕು.