ಬಾಗಿಲಲ್ಲಿ ನಿಂತವರು

ಬೀಟಲ್ಸ್ ಎಂದೊಡನೆ ಕಣ್ಣ ಮುಂದೆ ಬರುವುದು ಕಪ್ಪು-ಬಿಳುಪಿನ ಒಂದೇ ಚಿತ್ರ. ಕೆನ್ನೆ ಹಿಡಿದುಕೊಂಡು ಕಿರುಚುವ ಹುಡುಗಿಯರು, ತೋಳಿಗೆ ತೋಳು ಕೊಟ್ಟು ಬೇಲಿಯಂತೆ ನಿಂತ ಪೊಲೀಸರು, ಮೂರ್ಛೆ ಹೋದವಳನ್ನು ಎತ್ತಿಕೊಂಡು ಹೋಗುವ ಜನ. ರಾಕ್ ಸಂಗೀತದ ಅಭಿಮಾನಿಗಳೆಂದರೆ ಇಷ್ಟೇ ಎಂದು ಲೋಕ ಅಂದೇ ತೀರ್ಪು ಕೊಟ್ಟುಬಿಟ್ಟಿತು. 1964ರ ಫೆಬ್ರವರಿಯಲ್ಲಿ ಪಾಲ್ ಜಾನ್ಸನ್ ಎಂಬ ಪತ್ರಕರ್ತರು ಲಂಡನ್ನಿನ ‘ನ್ಯೂ ಸ್ಟೇಟ್ಸ್‌ಮನ್’ ವಾರಪತ್ರಿಕೆಯಲ್ಲಿ ಈ ಹುಡುಗಿಯರನ್ನು ಮಂದರು, ಸೋಮಾರಿಗಳು, ತಮ್ಮ ಪೀಳಿಗೆಯಲ್ಲಿ ಸೋತುಹೋದವರು ಎಂಬರ್ಥದಲ್ಲಿ ಬರೆದರು. ಆದರೆ ಆ ಚಿತ್ರದ ಆಯುಸ್ಸು ಎಷ್ಟು? 1963ರ ಕೊನೆಯಿಂದ 1966ರ ಆಗಸ್ಟ್‌ವರೆಗೆ, ಮೂರು ವರ್ಷವೂ ಪೂರ್ತಿಯಿಲ್ಲ. ಅದಕ್ಕೆ ಮೊದಲೂ ಆಮೇಲೂ ಇದೇ ತಂಡದವರು ಮತ್ತು ಅವರನ್ನು ಮೆಚ್ಚಿದವರು ಬೇರೆಯೇ ಬಗೆಯಲ್ಲಿ, ದಿನನಿತ್ಯದ ಬದುಕಿನ ನಡುವೆ, ಮುಖಾಮುಖಿಯಾಗುತ್ತಿದ್ದರು. ಆ ಎರಡು ಕಾಲಗಳನ್ನು ಪಕ್ಕಪಕ್ಕಕ್ಕೆ ಇಟ್ಟು ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ. ಅಭಿಮಾನಿಯ ಉನ್ಮಾದಕ್ಕೆ ಆಕೆಯ ಸ್ವಭಾವ ಕಾರಣವಲ್ಲ, ನಡುವೆ ತಂದಿಟ್ಟ ದೂರ ಕಾರಣ. ಹತ್ತಿರ ನಿಲ್ಲಲು ಜಾಗ ಸಿಕ್ಕಾಗಲೆಲ್ಲ ಅಭಿಮಾನಿಗಳು ಸಂಯಮ ಕಲಿತರು, ತಮಗೆ ತಾವೇ ನಿಯಮ ಹಾಕಿಕೊಂಡರು.

ಮೊದಲ ಕಾಲ ತಂಡದ ತವರೂರು ಲಿವರ್‌ಪೂಲ್‌ನದು. ಮ್ಯಾಥ್ಯೂ ಸ್ಟ್ರೀಟ್ ಎಂಬ ಇಕ್ಕಟ್ಟಾದ ಓಣಿಯ ಹಣ್ಣಿನ ಉಗ್ರಾಣವೊಂದರ ನೆಲಮಾಳಿಗೆಯಲ್ಲಿ 1957ರಲ್ಲಿ ಜಾಝ್ ಸಂಗೀತಕ್ಕೆಂದು ಕ್ಯಾವರ್ನ್ ಕ್ಲಬ್ ತೆರೆಯಿತು. ಕಡಿದಾದ ಮೆಟ್ಟಿಲಿಳಿದರೆ ಇಟ್ಟಿಗೆಯ ಮೂರು ಕಮಾನು, ನಡುವಿನ ಕಮಾನಿನ ತುದಿಯಲ್ಲಿ ಪುಟ್ಟ ವೇದಿಕೆ. ಗಾಳಿಯಾಡಲು ದಾರಿಯಿಲ್ಲ. ಜನರ ಉಸಿರು, ಬೆವರು ಹಬೆಯಾಗಿ ಗೋಡೆಯ ಮೇಲೆ ನೀರಿಳಿಯುತ್ತಿತ್ತು, ಕೊಳೆತ ಹಣ್ಣಿನ ವಾಸನೆಗೆ ಫಿನಾಯಿಲ್ ಬೆರೆತಿರುತ್ತಿತ್ತು. ಬೀಟಲ್ಸ್ ಇಲ್ಲಿ 1961ರ ಫೆಬ್ರವರಿಯಿಂದ 1963ರ ಆಗಸ್ಟ್‌ವರೆಗೆ 250ಕ್ಕೂ ಹೆಚ್ಚು ಬಾರಿ ನುಡಿಸಿದರು. ಅದರಲ್ಲಿ ಎಷ್ಟೋ ಬಾರಿ ಮಧ್ಯಾಹ್ನದ ಊಟದ ಬಿಡುವಿನಲ್ಲಿ. ಕೇಳಲು ಬರುತ್ತಿದ್ದವರು ಸುತ್ತಲಿನ ಕಚೇರಿ, ಅಂಗಡಿಗಳ ಹುಡುಗ ಹುಡುಗಿಯರು. ಇಂಗ್ಲೆಂಡಿನಲ್ಲಿ ಆಗ 15ನೇ ವಯಸ್ಸಿಗೆ ಶಾಲೆ ಬಿಡಬಹುದಿತ್ತು. ಟೈಪಿಸ್ಟ್ ಕೆಲಸಕ್ಕೋ ಅಂಗಡಿಯ ಕೌಂಟರಿಗೋ ಸೇರಿದ ಹದಿನಾರರ ಹುಡುಗಿಯ ಕೈಯಲ್ಲಿ ತನ್ನದೇ ದುಡಿಮೆಯ ಕಾಸಿತ್ತು. ಮದ್ಯ ಮಾರಾಟವಿಲ್ಲದ ಆ ಕ್ಲಬ್ಬಿನಲ್ಲಿ ಸೂಪು, ಬನ್ನು, ಚಹಾ ಸಿಗುತ್ತಿತ್ತು. ಚೀಟಿಯಲ್ಲಿ ಹಾಡಿನ ಹೆಸರು ಬರೆದು ವೇದಿಕೆಗೆ ಕಳಿಸಿದರೆ ಅದನ್ನು ನುಡಿಸುತ್ತಿದ್ದರು. ನಡುನಡುವೆ ತಿನ್ನುತ್ತ, ಸಿಗರೇಟು ಸೇದುತ್ತ, ಮುಂದಿನ ಸಾಲಿನವರೊಡನೆ ಹರಟುತ್ತಿದ್ದರು. ಕೋಟು ಇಡುವ ಕೋಣೆಯಲ್ಲಿ ಕೆಲಸ ಮಾಡುತ್ತಿದ್ದ ಹುಡುಗಿಯೊಬ್ಬಳು ಕೆಲವೇ ವರ್ಷಗಳಲ್ಲಿ ಸಿಲ್ಲಾ ಬ್ಲ್ಯಾಕ್ ಎಂಬ ಹೆಸರಿನಲ್ಲಿ ದೇಶವೇ ಬಲ್ಲ ಗಾಯಕಿಯಾದಳು. ಹಾಡುವವರ ಮತ್ತು ಕೇಳುವವರ ನಡುವಿನ ಗೆರೆ ಅಷ್ಟು ತೆಳುವಾಗಿತ್ತು.

ಇಲ್ಲಿ ಒಂದು ಆಕ್ಷೇಪ ಏಳಬಹುದು. 1962ರ ಆಗಸ್ಟ್‌ನಲ್ಲಿ ಡ್ರಮ್ಮರ್ ಪೀಟ್ ಬೆಸ್ಟ್ ಅವರನ್ನು ತೆಗೆದು ರಿಂಗೊ ಸ್ಟಾರ್ ಅವರನ್ನು ಸೇರಿಸಿಕೊಂಡಾಗ ಇದೇ ಕ್ಯಾವರ್ನ್‌ನಲ್ಲಿ ಅಭಿಮಾನಿಗಳು ಘೋಷಣೆ ಕೂಗಿದರು, ಗಲಾಟೆಯಲ್ಲಿ ತಂಡದ ಜಾರ್ಜ್ ಹ್ಯಾರಿಸನ್ ಅವರ ಕಣ್ಣಿಗೆ ಪೆಟ್ಟು ಬಿತ್ತು. ಹತ್ತಿರವಿದ್ದರೆ ಸಂಯಮ ಬರುತ್ತದೆ ಎಂಬ ಮಾತಿಗೆ ಇದು ವಿರುದ್ಧವಲ್ಲವೇ? ಹೊಡೆದದ್ದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದು ಉನ್ಮಾದದ ಕೂಗಾಗಿರಲಿಲ್ಲ. ತಮ್ಮವನೊಬ್ಬನಿಗೆ ಅನ್ಯಾಯವಾಯಿತು ಎಂಬ ಸ್ಪಷ್ಟ ತಕರಾರು ಅದರ ಹಿಂದಿತ್ತು. ತಂಡದಲ್ಲಿ ಯಾರಿರಬೇಕು ಎಂಬುದರಲ್ಲಿ ತಮಗೂ ಪಾಲಿದೆ ಎಂದು ನಂಬಿದವರ ಜಗಳ ಅದು. ಅಷ್ಟು ಸಲಿಗೆ ಇಲ್ಲದಿದ್ದರೆ ಆ ಜಗಳವೂ ಹುಟ್ಟುತ್ತಿರಲಿಲ್ಲ.

ಹೆಸರು ಬೆಳೆದಂತೆ ಈ ಸಲಿಗೆಯನ್ನು ಉಳಿಸಿಕೊಳ್ಳಲು ಯಾರಾದರೂ ನಡುವೆ ನಿಲ್ಲಬೇಕಾಯಿತು. ಆ ಕೆಲಸ ಫ್ರೀಡಾ ಕೆಲ್ಲಿ ಅವರ ಪಾಲಿಗೆ ಬಂತು. ಊಟದ ಬಿಡುವಿನಲ್ಲಿ ಕ್ಯಾವರ್ನ್‌ಗೆ ಬರುತ್ತಿದ್ದ ಈ ಟೈಪಿಸ್ಟ್ ಹುಡುಗಿಯನ್ನು ವ್ಯವಸ್ಥಾಪಕ ಬ್ರಿಯಾನ್ ಎಪ್‌ಸ್ಟೀನ್ 17ನೇ ವಯಸ್ಸಿನಲ್ಲಿ ಕೆಲಸಕ್ಕೆ ತೆಗೆದುಕೊಂಡರು. ಅಭಿಮಾನಿ ಸಂಘಕ್ಕೆ ಆಕೆ ಕೊಟ್ಟ ವಿಳಾಸ ತನ್ನ ಮನೆಯದೇ. ಕಾಗದ ಚೀಲಗಟ್ಟಲೆ ಬರತೊಡಗಿದಾಗ ಮನೆಯಲ್ಲಿ ತಂದೆಗೆ ಬೇಸರವಾದದ್ದು ಸಹಜ. ಒಮ್ಮೆ ಅಭಿಮಾನಿಯೊಬ್ಬಳು ದಿಂಬಿನ ಗವುಸೊಂದನ್ನು ಅಂಚೆಯಲ್ಲಿ ಕಳಿಸಿ, ಇದರ ಮೇಲೆ ರಿಂಗೊ ಮಲಗಿ ಎದ್ದ ಮೇಲೆ ವಾಪಸು ಕಳಿಸಿ ಎಂದು ಕೇಳಿದ್ದಳು. ಫ್ರೀಡಾ ಅದನ್ನು ರಿಂಗೊ ಅವರ ತಾಯಿ ಎಲ್ಸಿ ಅವರ ಕೈಗೆ ಕೊಟ್ಟರು, ತಾಯಿ ಮಗನನ್ನು ಅದರ ಮೇಲೆ ಮಲಗಿಸಿದರು, ಗವುಸು ಸಹಿಯೊಂದಿಗೆ ಮರಳಿ ಹೋಯಿತು. ಕೋರಿಕೆ ವಿಚಿತ್ರವೇ ಇರಬಹುದು. ಆದರೆ ಅದನ್ನು ನಡೆಸಿಕೊಟ್ಟ ರೀತಿಯಲ್ಲಿ ಒಂದು ಊರಿನ, ಒಂದು ಮನೆಯ ಮರ್ಯಾದೆಯಿದೆ. ಸಂಘ 1972ರಲ್ಲಿ ಮುಚ್ಚುವವರೆಗೂ ಫ್ರೀಡಾ ಈ ಕೆಲಸ ಮಾಡಿದರು. ರಾಕ್ ಸಂಗೀತದ ಚರಿತ್ರೆಯಲ್ಲಿ ಗಿಟಾರು ವಾದಕರಿಗೆ ಸಿಗುವ ಪುಟಗಳಲ್ಲಿ ಒಂದೆರಡಾದರೂ ಇಂಥವರಿಗೆ ಸಲ್ಲಬೇಕು.

ಈಗ ಆ ಕೂಗಿನ ವರ್ಷಗಳಿಗೆ ಬರೋಣ. 1965ರ ಆಗಸ್ಟ್ 15ರಂದು ನ್ಯೂಯಾರ್ಕಿನ ಶೇ ಸ್ಟೇಡಿಯಂನಲ್ಲಿ 55,000ಕ್ಕೂ ಹೆಚ್ಚು ಜನ ಸೇರಿದ್ದರು. ವೇದಿಕೆ ಬೇಸ್‌ಬಾಲ್ ಮೈದಾನದ ನಡುವೆ, ಜನರೆಲ್ಲ ದೂರದ ಗ್ಯಾಲರಿಯಲ್ಲಿ. 100 ವಾಟ್‌ನ ಆಂಪ್ಲಿಫಯರುಗಳ ಸದ್ದು ಆ ಬಯಲಿನಲ್ಲಿ ಕರಗಿಹೋಗುತ್ತಿತ್ತು, ವೇದಿಕೆಯ ಮೇಲಿದ್ದವರಿಗೇ ತಾವು ನುಡಿಸುವುದು ಕೇಳಿಸುತ್ತಿರಲಿಲ್ಲ. ಚೀಟಿ ಕಳಿಸಲು ಬಾರದಷ್ಟು ದೂರ ಕೂತವಳಿಗೆ ತಾನು ಬಂದಿದ್ದೇನೆಂದು ತಿಳಿಸಲು ಉಳಿದದ್ದು ತನ್ನ ಗಂಟಲೊಂದೇ. ಸಣ್ಣ ಥಿಯೇಟರುಗಳಲ್ಲೂ ಕಿರುಚುತ್ತಿದ್ದರಲ್ಲ, ಬೀಟಲ್ಸ್‌ಗಿಂತ ಮೊದಲು ಫ್ರಾಂಕ್ ಸಿನಾಟ್ರಾ ಕಾಲದಲ್ಲೂ ಇತ್ತಲ್ಲ ಎಂದು ಕೇಳಬಹುದು. ನಿಜ. ಕಿರುಚುವುದರಲ್ಲಿ ಗೆಳತಿಯರ ಗುಂಪಿನ ಸಂಭ್ರಮವೂ ಇತ್ತು, ಅದನ್ನು ದೂರದ ಲೆಕ್ಕಕ್ಕೇ ಪೂರ್ತಿ ಹಾಕಲಾಗದು. ಆದರೂ ಥಿಯೇಟರಿನಲ್ಲಿ ನಡುವೆ ಪೊಲೀಸರಿದ್ದರು, ಹಿಂಬಾಗಿಲಿನಲ್ಲಿ ವ್ಯಾನು ಕಾಯುತ್ತಿತ್ತು, ಕಾರ್ಯಕ್ರಮ ಅರ್ಧ ಗಂಟೆಯಲ್ಲಿ ಮುಗಿಯುತ್ತಿತ್ತು. ಅಡಿಗಳ ಲೆಕ್ಕದಲ್ಲಿ ಹತ್ತಿರವಾದರೂ ಮಾತಿಗೆ ಎಟುಕದಷ್ಟು ದೂರ. 1966ರ ಆಗಸ್ಟ್ 29ರಂದು ಸ್ಯಾನ್ ಫ್ರಾನ್ಸಿಸ್ಕೊದ ಕ್ಯಾಂಡಲ್‌ಸ್ಟಿಕ್ ಪಾರ್ಕಿನಿಂದ ತಂಡ ಹೊರಬಿದ್ದದ್ದು ಕವಚ ಹಾಕಿದ ಗಾಡಿಯಲ್ಲಿ. ಟಿಕೆಟ್ ಮಾರಿ ನಡೆಸಿದ ಅವರ ಕಛೇರಿಗಳಲ್ಲಿ ಅದೇ ಕೊನೆಯದು.

ಊರೂರು ತಿರುಗುವುದು ನಿಂತಮೇಲೆ ತಂಡದ ನಾಲ್ವರೂ ಲಂಡನ್ನಿನಲ್ಲೇ ಕೆಲಸ ಮಾಡತೊಡಗಿದರು. ಆ್ಯಬಿ ರೋಡಿನ ಇಎಂಐ ಸ್ಟುಡಿಯೊ, ಅಲ್ಲಿಂದ ನಡೆದೇ ಹೋಗಬಹುದಾದ ಕ್ಯಾವೆಂಡಿಶ್ ಅವೆನ್ಯೂದಲ್ಲಿ ಪಾಲ್ ಮೆಕಾರ್ಟ್ನಿ ಅವರ ಮನೆ, 1968ರಿಂದ 3, ಸ್ಯಾವಿಲ್ ರೋನಲ್ಲಿ ಅವರದೇ ಆ್ಯಪಲ್ ಸಂಸ್ಥೆಯ ಕಚೇರಿ. ಈ ಮೂರೂ ಬಾಗಿಲುಗಳಲ್ಲಿ ಕೆಲವು ಹುಡುಗಿಯರು ಕಾಯತೊಡಗಿದರು. ಮಳೆ, ಚಳಿ, ನಡುರಾತ್ರಿ ಯಾವುದನ್ನೂ ಲೆಕ್ಕಿಸದ ಇವರಿಗೆ ‘ಆ್ಯಪಲ್ ಸ್ಕ್ರಫ್ಸ್’ ಎಂದು ಹೆಸರಾಯಿತು. ಇವರು ಸದಸ್ಯತ್ವದ ಕಾರ್ಡು ಮಾಡಿಕೊಂಡರು, ತಮ್ಮದೇ ಪುಟ್ಟ ಪತ್ರಿಕೆ ಹೊರಡಿಸಿದರು. ಮೈಮೇಲೆ ಬೀಳದೆ ಮಾತಾಡಿಸುವುದು, ಯಾರು ಎಲ್ಲಿದ್ದಾರೆಂಬ ಸುದ್ದಿಯನ್ನು ತಮ್ಮೊಳಗೇ ಹಂಚಿಕೊಳ್ಳುವುದು ಇವರ ರೂಢಿಯಾಯಿತು. ಅವರಲ್ಲೊಬ್ಬಳು ಪಾಲ್ ಅವರ ನಾಯಿ ಮಾರ್ಥಾಳನ್ನು ಅಡ್ಡಾಡಿಸಲು ಕರೆದೊಯ್ಯುತ್ತಿದ್ದಳು. 1968ರ ಫೆಬ್ರವರಿ 4, ಭಾನುವಾರ, ಸ್ಟುಡಿಯೊದಲ್ಲಿ ‘ಅಕ್ರಾಸ್ ದಿ ಯೂನಿವರ್ಸ್’ ಹಾಡಿಗೆ ಮೇಲಿನ ಸ್ಥಾಯಿಯ ದನಿ ಬೇಕಾಯಿತು. ರಜೆಯ ದಿನ ವೃತ್ತಿಪರ ಗಾಯಕಿಯರು ಎಲ್ಲಿಂದ ಬರಬೇಕು? ಪಾಲ್ ಹೊರಗೆ ಬಂದು, ಎತ್ತರದ ಸ್ವರವನ್ನು ಹಿಡಿದು ನಿಲ್ಲಿಸಬಲ್ಲವರು ನಿಮ್ಮಲ್ಲಿ ಯಾರಾದರೂ ಇದ್ದೀರಾ ಎಂದು ಕೇಳಿದರು. ಬ್ರೆಜಿಲ್‌ನಿಂದ ಬಂದಿದ್ದ 16ರ ಲಿಜಿ ಬ್ರಾವೊ ಮತ್ತು ಇನ್ನೊಬ್ಬ ಹುಡುಗಿ ಒಳಗೆ ಹೋಗಿ ಹಾಡಿದರು. ಆ ಮುದ್ರಣ 1969ರ ಡಿಸೆಂಬರಿನಲ್ಲಿ ವನ್ಯಜೀವಿ ನಿಧಿಯ ಸಹಾಯಾರ್ಥ ಬಂದ ಆಲ್ಬಮ್ಮಿನಲ್ಲಿ ಬಿಡುಗಡೆಯಾಯಿತು. ಮರುವರ್ಷ ಜಾರ್ಜ್ ಹ್ಯಾರಿಸನ್ ತಮ್ಮ ‘ಆಲ್ ಥಿಂಗ್ಸ್ ಮಸ್ಟ್ ಪಾಸ್’ ಸಂಗ್ರಹದಲ್ಲಿ ಬಾಗಿಲ ಬಳಿಯ ಈ ಹುಡುಗಿಯರ ಹೆಸರಿನಲ್ಲೇ ಒಂದು ಹಾಡು ಸೇರಿಸಿದರು. ಜಾನ್ಸನ್ ಅವರು ಮಂದರೆಂದು ತಳ್ಳಿಹಾಕಿದ ಪೀಳಿಗೆಗೆ ಸೇರಿದ ಹುಡುಗಿಯರೇ ಇವರು.

ಇವರು ಕಿರುಕುಳ ಕೊಡಲಿಲ್ಲವೇ? ಕೊಟ್ಟವರಿದ್ದರು. ಪಾಲ್ ಅವರ ಮನೆಯ ತೋಟದಲ್ಲಿದ್ದ ಏಣಿ ಹಾಕಿಕೊಂಡು ಬಚ್ಚಲುಮನೆಯ ಕಿಟಕಿಯಿಂದ ಒಳನುಗ್ಗಿದ ಪ್ರಸಂಗ ಹಾಡೊಂದಕ್ಕೇ ವಸ್ತುವಾಗಿದೆ. ಆಗ ಕಾಣೆಯಾದ ಫೋಟೊವೊಂದನ್ನು ಮರಳಿ ಪಡೆಯಲು ಪಾಲ್ ಕೇಳಿಕೊಂಡದ್ದು ಬಾಗಿಲಲ್ಲಿ ನಿಲ್ಲುತ್ತಿದ್ದ ಹುಡುಗಿಯೊಬ್ಬಳನ್ನೇ. ಇದನ್ನು ನಾನು ಮುಖ್ಯವೆಂದು ಎಣಿಸುತ್ತೇನೆ. ತಪ್ಪು ಮಾಡಿದವರು ಯಾರೆಂದು ಆ ಗುಂಪಿಗೆ ಗೊತ್ತಿತ್ತು, ತಿದ್ದುವ ಶಕ್ತಿಯೂ ಅದರೊಳಗೇ ಇತ್ತು. ಇನ್ನು, ಬೆರಳೆಣಿಕೆಯ ನಿಷ್ಠಾವಂತರ ನಡತೆಯಿಂದ ಲಕ್ಷಾಂತರ ಅಭಿಮಾನಿಗಳ ಬಗ್ಗೆ ತೀರ್ಮಾನಕ್ಕೆ ಬರಲಾದೀತೇ ಎಂಬ ಪ್ರಶ್ನೆ. ಆದರೆ ಉನ್ಮಾದ ಸ್ವಭಾವದಿಂದಲೇ ಹುಟ್ಟುವುದಾಗಿದ್ದರೆ ಅದು ಎಲ್ಲರಿಗಿಂತ ಹೆಚ್ಚಾಗಿ ಕಾಣಬೇಕಿದ್ದದ್ದು ಈ ಅತಿ ತೀವ್ರ ಅಭಿಮಾನಿಗಳಲ್ಲೇ ಅಲ್ಲವೇ? ಕಂಡದ್ದು ಅದಕ್ಕೆ ತದ್ವಿರುದ್ಧ.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ 1980ರ ಡಿಸೆಂಬರ್ 8ರದು. ಬೀಟಲ್ಸ್‌ನ ಜಾನ್ ಲೆನನ್ ನ್ಯೂಯಾರ್ಕನ್ನು ಮೆಚ್ಚಿದ್ದೇ ಅಲ್ಲಿ ಬೀದಿಯಲ್ಲಿ ನಿರಾತಂಕವಾಗಿ ನಡೆದಾಡಬಹುದು ಎಂಬ ಕಾರಣಕ್ಕೆ. ಅಂದು ಸಂಜೆ ತಾವು ವಾಸವಿದ್ದ ಡಕೋಟಾ ಕಟ್ಟಡದ ಮುಂದೆ ಒಬ್ಬನ ಆಲ್ಬಮ್ಮಿಗೆ ಅವರು ಸಹಿ ಹಾಕಿದರು. ರಾತ್ರಿ ಅದೇ ಮನುಷ್ಯ ಅಲ್ಲೇ ಅವರನ್ನು ಗುಂಡಿಕ್ಕಿ ಕೊಂದ. ಅವನ ಹೆಸರನ್ನು ಬರೆಯುವ ಅಗತ್ಯ ನನಗೆ ಕಾಣುವುದಿಲ್ಲ. ಈ ಸಾವಿನ ಮುಂದೆ ಯಾವ ವಾದವೂ ಹಗುರವಾಗುತ್ತದೆ, ಅದಾದ ಮೇಲೆ ಕಲಾವಿದರು ಹೆದರಿದರೆ ಅವರನ್ನು ದೂಷಿಸಲು ಯಾರಿಗೂ ಹಕ್ಕಿಲ್ಲ. ಆದರೆ ಇದೇ ಲೆನನ್ 1971ರಲ್ಲಿ, ಇಂಗ್ಲೆಂಡಿನ ತಮ್ಮ ಟಿಟನ್‌ಹರ್ಸ್ಟ್ ಮನೆಗೆ ಮನಸ್ಸು ಕದಡಿದ ಯುವಕನೊಬ್ಬ ಬಂದಾಗ, ಬಾಗಿಲಲ್ಲಿ ನಿಂತು ತಾಳ್ಮೆಯಿಂದ ಮಾತಾಡಿದ್ದರು. ಹಾಡುಗಳೆಲ್ಲ ತನ್ನನ್ನೇ ಕುರಿತವು ಎಂಬ ಅವನ ಭ್ರಮೆಯನ್ನು ಬಿಡಿಸಲು ನೋಡಿದರು, ಹಸಿವಾಗಿದೆಯೇ ಎಂದು ಕೇಳಿ ಒಳಗೆ ಕರೆದು ಊಟಕ್ಕೆ ಕೂರಿಸಿದರು. ಕ್ಯಾಮೆರಾ ಅದನ್ನು ದಾಖಲಿಸಿದೆ. ಎರಡೂ ಘಟನೆ ನಡೆದದ್ದು ಬಾಗಿಲಲ್ಲೇ. ಕಾವಲು ಬೇಕೆಂದು ಡಕೋಟಾದ ರಾತ್ರಿ ಹೇಳುತ್ತದೆ. ಬಾಗಿಲೇ ಬೇಡವೆಂಬ ತೀರ್ಮಾನ ಅದರಿಂದ ಹುಟ್ಟುವುದಿಲ್ಲ.

ಆದರೂ ಬಾಗಿಲು ಮುಚ್ಚಿತು, ಮುಚ್ಚಿದ ಬಾಗಿಲಿಗೆ ಬೆಲೆಯೂ ಕಟ್ಟಿದರು. ದೊಡ್ಡ ತಂಡಗಳ ಕಛೇರಿಯಲ್ಲಿ ಇಂದು ಕಲಾವಿದರ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳಲು ಬೇರೆ ದರದ ಟಿಕೆಟ್ ಉಂಟು. ಮೊಬೈಲಿನಲ್ಲಿ ಅವರ ಬೆಳಗಿನ ತಿಂಡಿಯೂ ಕಾಣುವಾಗ ದೂರವೆಲ್ಲಿ ಎನ್ನುವವರಿದ್ದಾರೆ. ನೋಡಲು ಸಿಗುವುದೇನೋ ಹೌದು, ಆದರೆ ಅಲ್ಲಿ ಕಲಾವಿದರ ಕಣ್ಣಿಗೆ ಅಭಿಮಾನಿ ಬೀಳುವುದಿಲ್ಲ. ಕ್ಯಾವರ್ನ್‌ನಲ್ಲೂ ಸ್ಯಾವಿಲ್ ರೋನಲ್ಲೂ ಹಾಡುವವರಿಗೆ ಕೇಳುವವರ ಮುಖ ಪರಿಚಯವಿತ್ತು, ನಡತೆಯ ಮೇಲೆ ಹಿಡಿತ ತಂದದ್ದೇ ಆ ಪರಿಚಯ.

ಬೆಂಗಳೂರಿಗೆ ಈ ಚರಿತ್ರೆ ಬಂದದ್ದು ದೊಡ್ಡ ಮೈದಾನದ ಕಡೆಯಿಂದ. ಅರಮನೆ ಮೈದಾನದಲ್ಲಿ 2003ರಲ್ಲಿ ರೋಲಿಂಗ್ ಸ್ಟೋನ್ಸ್, 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ ನುಡಿಸಿದಾಗ ನಮ್ಮ ಹುಡುಗರು ಅವರನ್ನು ಕಂಡದ್ದು ಬೇಲಿಯಾಚೆಗೆ. ಬೀದಿಯಲ್ಲಿ ಎದುರಾಗುವ ಅವಕಾಶವೊಂದು 2025ರ ಫೆಬ್ರವರಿ 9ರಂದು ಚರ್ಚ್ ಸ್ಟ್ರೀಟಿನಲ್ಲಿ ಒದಗಿತು. ಪಾಪ್ ಗಾಯಕ ಎಡ್ ಶೀರನ್ ಪಾದಚಾರಿ ದಾರಿಯಲ್ಲಿ ಗಿಟಾರು ಹಿಡಿದು ಹಾಡತೊಡಗಿದ ಸ್ವಲ್ಪ ಹೊತ್ತಿಗೆ ಪೊಲೀಸರೊಬ್ಬರು ಮೈಕಿನ ತಂತಿ ಕಿತ್ತರು. ಅನುಮತಿ ಇತ್ತೆಂದು ಗಾಯಕರು ಹೇಳಿದರು, ಜನಜಂಗುಳಿಯ ಜಾಗವಾದ್ದರಿಂದ ಅನುಮತಿ ಕೊಟ್ಟಿರಲಿಲ್ಲವೆಂದು ಪೊಲೀಸರು ಹೇಳಿದರು. 1969ರ ಜನವರಿ 30ರಂದು ಬೀಟಲ್ಸ್ ಸ್ಯಾವಿಲ್ ರೋ ಕಚೇರಿಯ ಮಾಳಿಗೆಯ ಮೇಲೆ ನುಡಿಸಿದಾಗಲೂ ಅಕ್ಕಪಕ್ಕದ ಕಚೇರಿಗಳ ದೂರಿನ ಮೇಲೆ ಪೊಲೀಸರು ಬಂದಿದ್ದರು. ಆದರೂ ನಿಲ್ಲಿಸುವಷ್ಟರಲ್ಲಿ ಸುಮಾರು ನಲವತ್ತು ನಿಮಿಷ ಹಾಡಾಗಿತ್ತು. ಜನ ಸೇರಿದರೆ ಕಷ್ಟ ಎಂಬ ಪೊಲೀಸರ ಆತಂಕ ಸುಳ್ಳಲ್ಲ. ಅದಕ್ಕೆ ಲಂಡನ್ ಕಂಡುಕೊಂಡ ಒಂದು ಪರಿಹಾರವಿದೆ. 2003ರಿಂದ ಅಲ್ಲಿನ ಸುರಂಗ ರೈಲು ನಿಲ್ದಾಣಗಳಲ್ಲಿ ನೆಲದ ಮೇಲೆ ಅರ್ಧಚಂದ್ರಾಕಾರದ ಗುರುತು ಹಾಕಿ, ಪರವಾನಗಿ ಪಡೆದ ಹಾಡುಗಾರರಿಗೆ ಆ ಜಾಗ ಬಿಟ್ಟುಕೊಡುತ್ತಿದ್ದಾರೆ. ಬೆಂಗಳೂರಿನ ಆಡಳಿತ ಚರ್ಚ್ ಸ್ಟ್ರೀಟಿನಲ್ಲಿ, ಮೆಟ್ರೊ ನಿಲ್ದಾಣಗಳಲ್ಲಿ ಅಷ್ಟಗಲ ಜಾಗ ಗುರುತಿಸಿ, ಅರ್ಜಿ ಹಾಕಿದ ಯಾವ ಹಾಡುಗಾರನಿಗೂ ಹೊತ್ತು ಗೊತ್ತುಮಾಡಿ ಕೊಡಲಿ. ಸುತ್ತ ನಿಲ್ಲುವ ಜನ ಹೇಗೆ ನಡೆದುಕೊಳ್ಳಬೇಕೆಂಬುದನ್ನು ತಾವೇ ಕಲಿಯುತ್ತಾರೆ.